ಮಳಖೇಡದ ಹಳೆಯ ಗೋಡೆಗಳೂ ಅವುಗಳ ಜೀರ್ಣೋದ್ಧಾರವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯಿಂದ ಬಂದು ನಮ್ಮ ಶಾಲೆಯಲ್ಲಿ ಓದಿಹೋದ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಮಳಖೇಡದ ಕೋಟೆಯು ಹೊಸ ಸಂಗತಿಯಲ್ಲ. ಕಲಬುರಗಿಯಿಂದ ಸೇಡಮಿಗೆ ಹೋಗುವಾಗ ಕಾಗಿಣಾ ನದಿಯ ದಂಡೆಯ ಮೇಲೆ ನಿಂತಿರುವ ಅದರ ಬುರುಜುಗಳನ್ನು ನಮ್ಮಲ್ಲಿ ಅನೇಕರು ನೋಡಿರುವೆವು. ಆದರೆ ದಿನಾಲು ಕಣ್ಣಿಗೆ ಬೀಳುವ ವಸ್ತುವಿನ ಕಡೆಗೆ ಮನಸ್ಸು ಹೋಗುವದು ಕಡಿಮೆ. “ಅದೊಂದು ಹಾಳು ಕೋಟೆ” ಎಂದು ಒಬ್ಬರು ಅನ್ನುವರು, “ಸರಕಾರದವರು ಅದನ್ನು ಹೊಸದಾಗಿ ಕಟ್ಟಿಸಬಾರದೇ?” ಎಂದು ಇನ್ನೊಬ್ಬರು ಕೇಳುವರು. ಈ ಎರಡನೆಯ ಮಾತು ಒಳ್ಳೇ ಮನಸ್ಸಿನಿಂದ ಹುಟ್ಟಿದ್ದೇ ಸರಿ. ಆದರೂ ಹಳೆಯ ಕಟ್ಟಡವನ್ನು ಹೊಸದಾಗಿ ಮಾಡುವದು ಬೇರೆ, ಅದನ್ನು ಉಳಿಸುವದು ಬೇರೆ. ಈ ಭೇದವನ್ನು ಅರಿಯದೆ ಮಾಡಿದ ಉಪಕಾರದಿಂದ ಅಲಕ್ಷ್ಯದಿಂದಾಗುವಷ್ಟೇ ಹಾನಿಯು ಆಗಬಲ್ಲುದು. ಆದಕಾರಣ ಆ ಭೇದವನ್ನು ನಮ್ಮ ಸೀಮೆಯ ಕಲ್ಲು ಸುಣ್ಣಗಳ ಉದಾಹರಣೆಯಿಂದಲೇ ವಿವರಿಸಲು ಇಲ್ಲಿ ಪ್ರಯತ್ನಿಸಿರುವೆನು.

ಮಾನ್ಯಖೇಟದ ಹಿರಿಮೆ

ಮಳಖೇಡದ ಪೂರ್ವದ ಹೆಸರು ಮಾನ್ಯಖೇಟ. 814ರಲ್ಲಿ ಪಟ್ಟಕ್ಕೆ ಬಂದು ಅರುವತ್ತಕ್ಕೂ ಹೆಚ್ಚು ವರುಷ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನಿಗೆ ಇದೇ ರಾಜಧಾನಿಯಾಗಿತ್ತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಶ್ರೀವಿಜಯನಿಂದ ರಚಿತವಾಯಿತು. ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನೂ ಅದೇ ಅರಸನ ಕಾಲದವನು. ನಮ್ಮ ಹುಡುಗಿಯರು ತರಗತಿಯಲ್ಲಿ ಭಿನ್ನರಾಶಿಗಳನ್ನು ಬಿಡಿಸುವಾಗ, ಆ ಲೆಕ್ಕಗಳನ್ನು ಸಾವಿರಕ್ಕೂ ಹೆಚ್ಚು ವರುಷಗಳ ಹಿಂದೆ ನಮ್ಮ ಅರಸನ ಆಶ್ರಯದಲ್ಲಿ ಪಂಡಿತನೊಬ್ಬನು ಶ್ಲೋಕಗಳಲ್ಲಿ ಕಟ್ಟಿದ್ದನೆಂಬದನ್ನು ನೆನೆದರೆ ಸಂತೋಷಪಡಬಹುದು. ಒಂಬತ್ತನೆಯ ಶತಮಾನದ ಅರಬ ವರ್ತಕರು ರಾಷ್ಟ್ರಕೂಟ ಅರಸನನ್ನು “ಬಲ್ಹರಾ” ಎಂದು ಕರೆದು, ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಎಣಿಸಿದರು.

ಈ ಪಟ್ಟಣವನ್ನು 972ರಲ್ಲಿ ಮಾಳವದ ಪರಮಾರ ಸೀಯಕನು ಸೂರೆಗೊಂಡನು. ಮರುವರುಷ ರಾಷ್ಟ್ರಕೂಟರ ಆಳಿಕೆಯು ತೀರಿ ಚಾಲುಕ್ಯ ತೈಲಪನ ಆಳಿಕೆಯು ಮೊದಲಾಯಿತು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯು ಕಲ್ಯಾಣಕ್ಕೆ ಹೋದ ಮೇಲೆ ಮಾನ್ಯಖೇಟದ ವೈಭವವು ಕುಂದಿತು. ಆ ಮೇಲೆ ಈ ಸೀಮೆಯು ಬಹಮನಿ ಸುಲ್ತಾನರಿಗೂ ಅವರ ನಂತರದವರಿಗೂ ಸೇರಿತು. ಕಡೆಗೆ 1948ರ ವರೆಗೆ ಹೈದರಾಬಾದ ಸಂಸ್ಥಾನದಲ್ಲಿತ್ತು. ಇಷ್ಟು ಕೈಗಳನ್ನು ದಾಟಿದ ಊರಿನ ಗೋಡೆಗಳು ಒಂದೇ ಕಾಲದವಾಗಿರಲಾರವು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಒಡೆದು, ಮತ್ತೊಬ್ಬರು ಅದೇ ಕಲ್ಲಿನಿಂದ ತಿರುಗಿ ಕಟ್ಟುವದು ಕೋಟೆಗಳ ಸ್ವಭಾವ. ಊರಿನಲ್ಲಿ ನೇಮಿನಾಥ ಬಸದಿಯುಂಟು. ನದಿಯ ದಂಡೆಯಲ್ಲಿ ಮಾಧ್ವ ಯತಿಗಳ ಬೃಂದಾವನಗಳುಂಟು. ಗ್ರಂಥಗಳಲ್ಲಿ ಓದುವ ಮಾನ್ಯಖೇಟದೊಳಗೆ ಕಣ್ಣಿಗೆ ಕಾಣುವಂತೆ ಉಳಿದಿರುವದು ಬಹಳ ಸ್ವಲ್ಪ. ಆ ಸ್ವಲ್ಪವೇ ನಮಗಿರುವ ಸಾಕ್ಷಿ. ಸಾಕ್ಷಿಯ ಬಾಯಲ್ಲಿ ನಮ್ಮ ಮಾತನ್ನು ತುರುಕಿದರೆ ನ್ಯಾಯವು ಹೇಗೆ ಕೆಡುವದೋ, ಹಳೆಯ ಗೋಡೆಯನ್ನು ನಮ್ಮ ಮನಸ್ಸಿಗೆ ತೋರಿದಂತೆ ಕಟ್ಟಿದರೆ ಚರಿತ್ರೆಯು ಹಾಗೆಯೇ ಕೆಡುವದು.

ಜೀರ್ಣೋದ್ಧಾರವೆಂಬ ಮಾತಿನ ಅರ್ಥ

ಈ ವಿಚಾರವನ್ನು ನಾವು ಪರದೇಶದವರಿಂದಲೇ ಕಲಿಯಬೇಕಾದದ್ದಿಲ್ಲ. ಕನ್ನಡ ನಾಡಿನ ಹಳೆಯ ದಾನಶಾಸನಗಳಲ್ಲಿ “ಖಂಡಸ್ಫುಟಿತ ಜೀರ್ಣೋದ್ಧಾರ” ಎಂಬ ಮಾತು ಮತ್ತೆ ಮತ್ತೆ ಬರುವದು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಸವೆದದ್ದು. ಗುಡಿಯನ್ನಾಗಲಿ ಬಸದಿಯನ್ನಾಗಲಿ ಕಟ್ಟಿಸಿದವರು ಪೂಜೆಗೂ ಅನ್ನದಾನಕ್ಕೂ ಹೊಲವನ್ನು ಬಿಟ್ಟಂತೆಯೇ ಮುರುಕು ಬಿರುಕುಗಳ ರಿಪೇರಿಗೂ ಬಿಡುತ್ತಿದ್ದರು. ಕಟ್ಟಡವು ಕಟ್ಟಿ ಮುಗಿದ ದಿನದಿಂದಲೇ ಸವೆಯತೊಡಗುವದು, ಅದರ ಆರೈಕೆಯು ವರುಷ ವರುಷವೂ ನಡೆಯಬೇಕು ಎಂಬದನ್ನು ಅವರು ಬಲ್ಲವರಾಗಿದ್ದರು. ಇಂದು ನಾವು ನೂರು ವರುಷ ಸುಮ್ಮನಿದ್ದು, ಗೋಡೆಯು ಬಿದ್ದ ಮೇಲೆ ಒಮ್ಮೆಗೇ ಬಹಳ ಹಣ ಸುರಿದು ಹೊಸದು ಕಟ್ಟುವದಕ್ಕೆ ಜೀರ್ಣೋದ್ಧಾರವೆಂದು ಹೆಸರಿಡುವೆವು.

ಗೋಡೆಯು ಬೀಳುವ ಬಗೆ

ಕೋಟೆಯ ಗೋಡೆಯು ಹೊರಗಿನಿಂದ ನೋಡಿದರೆ ಒಂದೇ ಗಟ್ಟಿ ರಾಶಿಯಂತೆ ತೋರುವದು. ನಿಜವಾಗಿ ಇಂಥ ದಪ್ಪ ಗೋಡೆಗಳು ಸಾಮಾನ್ಯವಾಗಿ ಮೂರು ಪದರಾಗಿರುವವು: ಹೊರಮೈಯಲ್ಲಿ ಒಂದು ಕಲ್ಲಿನ ಸಾಲು, ಒಳಮೈಯಲ್ಲಿ ಇನ್ನೊಂದು, ನಡುವೆ ಕಲ್ಲುಚೂರು, ಮಣ್ಣು, ಸುಣ್ಣಗಳ ತುಂಬಿಗೆ. ಎರಡು ಮೈಗಳನ್ನು ಅಲ್ಲಲ್ಲಿ ಉದ್ದನ್ನ ಅಡ್ಡಗಲ್ಲುಗಳು ಹಿಡಿದಿರುವವು.

ಇದರ ಮೊದಲನೆಯ ಶತ್ರು ನೀರು. ಗೋಡೆಯ ನೆತ್ತಿಯ ಮೇಲಣ ಗಚ್ಚು ಒಡೆದರೆ ಮಳೆಯ ನೀರು ನಡುವಣ ತುಂಬಿಗೆಗೆ ಇಳಿಯುವದು. ಮಣ್ಣು ನೆನೆದು ಉಬ್ಬಿ ಹೊರಮೈಯ ಕಲ್ಲುಗಳನ್ನು ನೂಕುವದು. ಬೇಸಗೆಯಲ್ಲಿ ಒಣಗಿ ಕುಗ್ಗಿ ಕೆಳಗೆ ಜಾರಿ ಕೂಡುವದು. ವರುಷ ವರುಷ ಹೀಗಾಗುತ್ತಾ ಗೋಡೆಯು ಹೊಟ್ಟೆ ಬಿಡುವದು. ಕಡೆಗೆ ಒಂದು ಬಿರುಮಳೆಯ ರಾತ್ರಿ ಉಬ್ಬಿದ ಭಾಗವು ಕುಸಿಯುವದು. ಜನರು ಆ ರಾತ್ರಿಯ ಮಳೆಯನ್ನು ದೂರುವರು. ಆದರೆ ಗೋಡೆಯು ಬೀಳತೊಡಗಿ ಎಷ್ಟೋ ವರುಷಗಳಾಗಿದ್ದವು.

ಎರಡನೆಯ ಶತ್ರು ಗಿಡ. ಹಕ್ಕಿಗಳು ತಂದು ಬಿಟ್ಟ ಅರಳಿ ಆಲಗಳ ಬೀಜವು ಸಂದಿಯಲ್ಲಿ ಮೊಳೆಯುವದು. ಬೆರಳುದ್ದದ ಸಸಿಯಾಗಿರುವಾಗ ಅದನ್ನು ಮಗುವೂ ಕೀಳಬಲ್ಲುದು. ಹತ್ತು ವರುಷ ಬಿಟ್ಟರೆ ಬೇರು ತೋಳಿನಷ್ಟು ದಪ್ಪವಾಗಿ ಗೋಡೆಯನ್ನೇ ಸೀಳುವದು. ಆಗ ಅದನ್ನು ಎಳೆದು ಕಿತ್ತರೆ ಕಲ್ಲುಗಳೂ ಅದರ ಸಂಗಡ ಬರುವವು; ಬರೇ ಮೇಲೆ ಕಡಿದರೆ ತಿರುಗಿ ಚಿಗುರುವದು. ಕಾಂಡವನ್ನು ಕಡಿದು, ಬೇರನ್ನು ಔಷಧದಿಂದ ಸಾಯಿಸಿ, ಅದು ಒಣಗಿದ ಮೇಲೆ ಮೆಲ್ಲಗೆ ತೆಗೆದು ಸಂದಿಯನ್ನು ಗಾರೆಯಿಂದ ತುಂಬುವದೇ ಸರಿಯಾದ ಕ್ರಮ.

ಮೂರನೆಯ ಶತ್ರುಗಳು ನಾವೇ. ಬಿದ್ದ ಕಲ್ಲು ಯಾರದೂ ಅಲ್ಲವೆಂದು ತಿಳಿದು ಮನೆಯ ಕಟ್ಟೆಗೂ ದನದ ಕೊಟ್ಟಿಗೆಗೂ ಒಯ್ಯುವದು ಎಲ್ಲಾ ಹಳೆಯ ಊರುಗಳಲ್ಲಿಯೂ ನಡೆದುಬಂದ ವಾಡಿಕೆ. ಒಯ್ದ ಕಲ್ಲಿನ ಜಾಗದಲ್ಲಿ ನೀರಿಗೆ ಹೊಸ ಬಾಗಿಲು ತೆರೆಯುವದು.

ಸುಣ್ಣವೂ ಸಿಮೆಂಟೂ

ಬಿರುಕು ಕಂಡಿತು, ಅದನ್ನು ಯಾವದರಿಂದ ಮುಚ್ಚಬೇಕು? ನಮ್ಮ ಸೀಮೆಯಲ್ಲಿ ಯಾರನ್ನು ಕೇಳಿದರೂ “ಸಿಮೆಂಟಿನಿಂದ” ಎಂದೇ ಹೇಳುವರು. ವಾಡಿ, ಸೇಡಂ, ಮಳಖೇಡಗಳಲ್ಲಿ ದೊಡ್ಡ ದೊಡ್ಡ ಸಿಮೆಂಟು ಕಾರಖಾನೆಗಳುಂಟು. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರ ತಂದೆಗಳು ಅಲ್ಲಿ ಇಲ್ಲವೆ ಕಲ್ಲಿನ ಖಣಿಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದವರು. ಆದಕಾರಣ ಸಿಮೆಂಟನ್ನು ಹಳಿಯುವದು ನನ್ನ ಉದ್ದೇಶವಲ್ಲ. ಹೊಸ ಸೇತುವೆಗೂ ಹೊಸ ಮನೆಗೂ ಅದು ಒಳ್ಳೇದು. ಹಳೆಯ ಗೋಡೆಗೆ ಮಾತ್ರ ಅದು ಹೊಂದದು.

ವಿಶೇಷವೇನಂದರೆ, ಸುಣ್ಣವೂ ಸಿಮೆಂಟೂ ಒಂದೇ ತಾಯಿಯ ಮಕ್ಕಳು. ನಮ್ಮ ನೆಲದಡಿಯ ಸುಣ್ಣಕಲ್ಲೇ ಆ ತಾಯಿ. ಶಹಾಬಾದಿ ಪರಸಿಯೆಂದು ದೇಶವೆಲ್ಲ ಬಲ್ಲ ಹಾಸುಗಲ್ಲೂ ಅದೇ ಜಾತಿಯದು. ಈ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯುವು ಹೊರಟುಹೋಗಿ ಸುಟ್ಟಸುಣ್ಣವಾಗುವದು. ಅದಕ್ಕೆ ನೀರು ಹೊಯ್ದರೆ ಬುಸುಗುಟ್ಟಿ ಅರಳಿ ಬೆಣ್ಣೆಯಂಥ ಸುಣ್ಣವಾಗುವದು. ಮರಳಿನೊಡನೆ ಅರೆದು ಗೋಡೆಗೆ ಹಾಕಿದಾಗ ಅದು ಗಾಳಿಯಿಂದ ಆ ವಾಯುವನ್ನು ಮೆಲ್ಲಮೆಲ್ಲನೆ ತಿರುಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುವದು. ಕಲ್ಲಿನಿಂದ ಹುಟ್ಟಿ, ಕಲ್ಲುಗಳನ್ನು ಕೂಡಿಸಿ, ಕಡೆಗೆ ತಾನೂ ಕಲ್ಲಾಗುವದೇ ಸುಣ್ಣದ ಧರ್ಮ. ಅದೇ ಸುಣ್ಣಕಲ್ಲನ್ನು ಜೇಡಿಮಣ್ಣಿನೊಡನೆ ಬೆರಸಿ ಸುಮಾರು 1450 ಡಿಗ್ರಿಯಲ್ಲಿ ಸುಟ್ಟು, ಸ್ವಲ್ಪ ಜಿಪ್ಸಮ್ ಕೂಡಿಸಿ ಪುಡಿಮಾಡಿದರೆ ಸಿಮೆಂಟು. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಹಕ್ಕುಪತ್ರ ಪಡೆದದ್ದು 1824ರಲ್ಲಿ. ಮಾನ್ಯಖೇಟದ ಗೌಂಡಿಗಳು ಅದನ್ನು ಕಂಡರಿಯರು.

ಇವೆರಡರ ಗುಣಭೇದವನ್ನು ಹೀಗೆ ತಿಳಿಯಬಹುದು. ಸುಣ್ಣದ ಗಾರೆಯು ಕಲ್ಲಿಗಿಂತ ಮೆತ್ತಗಿರುವದು. ಗೋಡೆಯು ಶೀತೋಷ್ಣಗಳಿಂದ ಕೊಂಚ ಅಲುಗಿದರೆ ತಾನು ಬಗ್ಗಿ ಕಲ್ಲನ್ನು ಉಳಿಸುವದು. ಅದರ ಸಣ್ಣ ಸಣ್ಣ ರಂಧ್ರಗಳ ಮೂಲಕ ಗೋಡೆಯೊಳಗಿನ ತೇವವು ಹೊರಗೆ ಹೋಗಿ ಆರುವದು. ಕಾಲಾಂತರದಲ್ಲಿ ಸವೆಯುವದು ಗಾರೆಯೇ; ಅದನ್ನು ತಿರುಗಿ ತುಂಬಬಹುದು. ಸಿಮೆಂಟು ಹಾಗಲ್ಲ. ಅದು ಗಡುಸು; ತೇವವನ್ನು ಸುಲಭವಾಗಿ ಹೊರಗೆ ಬಿಡದು. ಒಳಗೆ ಸಿಕ್ಕಿದ ನೀರು ಗಾರೆಯ ಮೂಲಕ ದಾರಿ ಕಾಣದೆ ಕಲ್ಲಿನ ಮೂಲಕವೇ ಆರಬೇಕಾಗುವದು. ನೀರಿನ ಸಂಗಡ ಬಂದ ಉಪ್ಪುಗಳು, ಸಿಮೆಂಟಿನಲ್ಲಿಯೇ ಇರುವ ಕೆಲವು ಉಪ್ಪುಗಳು ಸಹ, ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಪದರು ಪದರಾಗಿ ಕಲ್ಲನ್ನು ಸಿಡಿಸುವವು. ಪದರುಗಲ್ಲಾದ ನಮ್ಮ ಸೀಮೆಯ ಕಲ್ಲಿಗೆ ಈ ಬಾಧೆಯು ವಿಶೇಷವಾಗಿ ತಾಕುವದು. ಕೆಲವು ವರುಷಗಳಾದ ಮೇಲೆ ನೋಡಿದರೆ ಸಿಮೆಂಟಿನ ಗೆರೆಗಳು ಹಾಗೆಯೇ ಎದ್ದು ನಿಂತು, ನಡುವಣ ಕಲ್ಲೇ ತಿಂದುಹೋಗಿರುವದು. ಹೊಸದನ್ನು ಉಳಿಸಿ ಹಳೆಯದನ್ನು ಕಳೆದುಕೊಂಡಂತಾಯಿತು!

ಸುಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಅರಳಿಸಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ಕೆಲವು ವಾರಗಳಾದರೂ ಕೊಳೆಹಾಕಬೇಕು. ಹೆಚ್ಚು ದಿನವಿಟ್ಟಷ್ಟೂ ಒಳ್ಳೇದು. ಗಾಳಿ ತಾಕದ ದಪ್ಪ ಗೋಡೆಯ ಒಳಗೂ ಅದು ಗಟ್ಟಿಯಾಗುವಂತೆ ಇಟ್ಟಿಗೆಯ ಪುಡಿಯನ್ನು, ಅಂದರೆ ಸುರ್ಕಿಯನ್ನು ಕೂಡಿಸುವರು. ಎತ್ತು ಎಳೆಯುವ ಸುಣ್ಣದ ಗಾಣದಲ್ಲಿ ಅರೆಯುವಾಗ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಹಾಕುವದು ನಮ್ಮ ಗೌಂಡಿಗಳ ಹಳೆಯ ಪದ್ಧತಿ. ಗೋಡೆಗೆ ಹಾಕಿದ ಮೇಲೆ ಬಿಸಿಲು ತಾಕದಂತೆ ಒದ್ದೆ ಗೋಣಿತಟ್ಟು ಹೊದಿಸಿ ಅನೇಕ ದಿನ ನೀರು ಚಿಮುಕಿಸಬೇಕು. ಆದಕಾರಣ ಮಳೆಗಾಲ ತೀರಿದ ಮೇಲಣ ತಂಪು ತಿಂಗಳುಗಳೇ ಇದಕ್ಕೆ ತಕ್ಕವು. ಮಂಜೂರಾದ ಹಣವನ್ನು ಮಾರ್ಚ್ ತಿಂಗಳೊಳಗೆ ಮುಗಿಸಬೇಕೆಂಬ ಅವಸರವೂ ಸುಣ್ಣವೂ ಒಂದಕ್ಕೊಂದು ಹೊಂದವು. ಎಷ್ಟೋ ಕಡೆಗಳಲ್ಲಿ ಸುಣ್ಣದ ಬದಲು ಸಿಮೆಂಟು ಬರುವದಕ್ಕೆ ಅಜ್ಞಾನಕ್ಕಿಂತ ಈ ಅವಸರವೇ ದೊಡ್ಡ ಕಾರಣ.

ಇತರರ ಅನುಭವದಿಂದ ಎರಡು ಪಾಠಗಳು

ಒಳ್ಳೇ ಮನಸ್ಸಿನ, ಬುದ್ಧಿವಂತರ ಕೈಯಲ್ಲಿಯೂ ಹಾನಿಯು ಆಗಬಹುದೆಂಬದಕ್ಕೆ ಅಥೇನೆ ಪಟ್ಟಣದ ಪಾರ್ಥೆನಾನ್ ಗುಡಿಯು ಸಾಕ್ಷಿ. ಪ್ರಾಚೀನ ಗ್ರೀಕರು ಅಮೃತಶಿಲೆಗಳನ್ನು ಕಬ್ಬಿಣದ ಕೊಂಡಿಗಳಿಂದ ಜೋಡಿಸಿ, ಕೊಂಡಿಗೆ ತುಕ್ಕು ಹಿಡಿಯದಂತೆ ಸುತ್ತಲೂ ಸೀಸವನ್ನು ಹೊಯ್ದಿದ್ದರು. ಸುಮಾರು 1900ರಿಂದ 1933ರ ವರೆಗೆ ಬಾಲನೋಸ್ ಎಂಬ ಎಂಜಿನಿಯರನು ಬಿದ್ದ ಕಂಬಗಳನ್ನು ಎತ್ತಿ ನಿಲ್ಲಿಸಿದನು. ಆದರೆ ಅವನು ಹಾಕಿಸಿದ ಕಬ್ಬಿಣಕ್ಕೆ ಸೀಸದ ಹೊದಿಕೆಯಿರಲಿಲ್ಲ. ಕಬ್ಬಿಣವು ತುಕ್ಕು ಹಿಡಿದು ಉಬ್ಬಿ ಎರಡು ಸಾವಿರ ವರುಷ ಬಾಳಿದ ಕಲ್ಲನ್ನು ಸೀಳಿತು. 1975ರಲ್ಲಿ ನೇಮಿಸಲ್ಪಟ್ಟ ಸಮಿತಿಯವರು ಅದನ್ನೆಲ್ಲ ಬಿಚ್ಚಿಸಿ ತುಕ್ಕು ಹಿಡಿಯದ ಟೈಟೇನಿಯಮ್ ಲೋಹದಿಂದ ತಿರುಗಿ ಜೋಡಿಸುವ ಕಾರ್ಯವನ್ನು ಕೈಕೊಳ್ಳಬೇಕಾಯಿತು.

ಇನ್ನೊಂದು ನಮಗೆ ಹತ್ತಿರದ್ದು. ನಮ್ಮ ಸೀಮೆಯಂತೆಯೇ ಆಗ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದ ಅಜಂತೆಯ ಚಿತ್ರಗಳನ್ನು ಉಳಿಸುವದಕ್ಕೋಸ್ಕರ, 1914ರಲ್ಲಿ ಸ್ಥಾಪಿತವಾದ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯವರು, ಗುಲಾಂ ಯಾಜ್ದಾನಿಯವರ ಆಡಳಿತದಲ್ಲಿ, 1920ರ ಸುಮಾರಿಗೆ ಇಟಲಿಯಿಂದ ಚೆಕ್ಕೋನಿ, ಓರ್ಸೀನಿ ಎಂಬ ಇಬ್ಬರು ತಜ್ಞರನ್ನು ಕರೆಸಿದರು. ಉದುರುತ್ತಿದ್ದ ಗಿಲಾವನ್ನು ಅವರು ಗೋಡೆಗೆ ಭದ್ರಪಡಿಸಿದ್ದು ಬಹಳ ಉಪಕಾರವಾಯಿತು. ಆದರೆ ಬಣ್ಣವನ್ನು ಕಾಯಲೆಂದು ಬಳಿದ ಅರಗಿನ ವಾರ್ನಿಷು ಕಾಲಕ್ರಮದಲ್ಲಿ ಹಳದಿಗಟ್ಟಿ ಚಿತ್ರಗಳನ್ನು ಮಬ್ಬುಗೊಳಿಸಿತು. ಅದನ್ನು ತೆಗೆಯುವದೇ ಮುಂದಿನವರಿಗೆ ದೊಡ್ಡ ಕೆಲಸವಾಯಿತು. ಇವೆರಡರಿಂದ ತಿಳಿಯತಕ್ಕದ್ದೇನಂದರೆ, ನಾವು ಮಾಡಿದ್ದನ್ನು ಮುಂದಿನವರು ಬೇಕಾದರೆ ಬಿಚ್ಚಲು ಬರುವಂತೆ ಮಾಡಬೇಕು; ಮತ್ತು ಅಗತ್ಯಕ್ಕಿಂತ ಹೆಚ್ಚಾಗಿ ಏನನ್ನೂ ಮಾಡಬಾರದು. 1923ರಲ್ಲಿ ಸರ್ ಜಾನ್ ಮಾರ್ಷಲ್ ಭಾರತದ ಪ್ರಾಚ್ಯವಸ್ತು ಇಲಾಖೆಗೆ ಬರೆದ ಕೈಪಿಡಿಯ ತಿರುಳೂ 1964ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಒಪ್ಪಿದ ನಿಬಂಧನೆಗಳ ತಿರುಳೂ ಇದೇ.

ಸನ್ನತಿಯ ಕಲ್ಲು

ಒಂದೊಂದು ಕಲ್ಲನ್ನೂ ನೋಡಿಯೇ ಮುಟ್ಟಬೇಕೆಂಬದಕ್ಕೆ ಚಿತ್ತಾಪುರ ತಾಲೂಕಿನ ಸನ್ನತಿಗಿಂತ ಒಳ್ಳೇ ಉದಾಹರಣೆಯು ಬೇಕಿಲ್ಲ. ಭೀಮಾ ನದಿಯ ದಂಡೆಯಲ್ಲಿರುವ ಚಂದ್ರಲಾಂಬಾ ಗುಡಿಯ ಆವರಣದೊಳಗಿನ ಕಾಳಿಕಾ ಗುಡಿಯ ಚಾವಣಿಯು 1986ರಲ್ಲಿ ಕುಸಿದುಬಿದ್ದಿತು. ತರುವಾಯ ನೋಡಲಾಗಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳಿದ್ದವು. ಅದು ಅಶೋಕ ಚಕ್ರವರ್ತಿಯ ಶಾಸನ! ಎಂದೋ ಒಂದು ಕಾಲದಲ್ಲಿ ವಿಗ್ರಹವನ್ನು ನಿಲ್ಲಿಸಲು ಅದರ ನಡುವೆ ರಂಧ್ರವನ್ನೂ ಕೊರೆದಿದ್ದರು. ಬಿದ್ದ ಗುಡಿಯನ್ನು ಬೇಗನೆ ಕಟ್ಟಿ ಮುಗಿಸುವ ಅವಸರದಲ್ಲಿ ಆ ಕಲ್ಲನ್ನು ಒಡೆದು ಅಡಿಪಾಯಕ್ಕೆ ಹಾಕಿದ್ದರೆ ಕನ್ನಡ ನಾಡಿನ ಚರಿತ್ರೆಯ ಒಂದು ಪುಟವೇ ಇಲ್ಲದಂತಾಗುತ್ತಿತ್ತು. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ಮೊದಲಾದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೊಂದು ಕಂಡುಬಂದು, “ರಾಯ ಅಶೋಕ” ಎಂಬ ಬರಹದೊಡನೆ ಅರಸನ ಶಿಲ್ಪವೂ ದೊರೆಯಿತು. ಆ ಶಿಲ್ಪಗಳೂ ನಮ್ಮ ಸೀಮೆಯ ಸುಣ್ಣಕಲ್ಲಿನವೇ.

ಕೆಲಸದ ಕ್ರಮ

ಹಾಗಾದರೆ ಮಳಖೇಡದಂಥ ಕೋಟೆಯ ಒಂದು ಉಬ್ಬಿದ ಗೋಡೆಯನ್ನು ಸರಿಪಡಿಸುವದು ಹೇಗೆ?

ಮೊದಲನೆಯದಾಗಿ, ಅಳತೆಮಾಡಿ ನಕಾಶೆಯನ್ನು ಬರೆದು, ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆದಿಡಬೇಕು.

ಎರಡನೆಯದಾಗಿ, ರೋಗವನ್ನು ತಿಳಿಯಬೇಕು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ದಿನಾಂಕವನ್ನು ಬರೆದಿಡುವರು. ಗಾಜು ಮುರಿದರೆ ಗೋಡೆಯು ಇನ್ನೂ ಸರಿಯುತ್ತಲಿದೆ. ಮುರಿಯದಿದ್ದರೆ ಅದು ಹಳೆಯ ಗಾಯ, ನಿಂತುಹೋದದ್ದು. ಎರಡಕ್ಕೂ ಚಿಕಿತ್ಸೆ ಬೇರೆ.

ಮೂರನೆಯದಾಗಿ, ನೀರನ್ನು ತಡೆಯಬೇಕು. ನೆತ್ತಿಯ ಮೇಲೆ ಇಳಿಜಾರಾಗಿ ಸುಣ್ಣದ ಗಚ್ಚು ಹಾಕಿ, ಮುಚ್ಚಿದ ಮೋರಿಗಳನ್ನು ಬಿಡಿಸಬೇಕು. ಅನೇಕ ಗೋಡೆಗಳಿಗೆ ಇಷ್ಟೇ ಸಾಕಾಗುವದು.

ನಾಲ್ಕನೆಯದಾಗಿ, ಬಿಚ್ಚಲೇಬೇಕಾದಲ್ಲಿ ಪ್ರತಿಯೊಂದು ಕಲ್ಲಿಗೂ ಸಂಖ್ಯೆ ಕೊಟ್ಟು ಮೇಲಿನ ವರಸೆಯಿಂದ ಇಳಿಸುತ್ತಾ ಬಂದು, ಅದೇ ಕಲ್ಲನ್ನು ಅದೇ ಸ್ಥಾನದಲ್ಲಿ ಸುಣ್ಣದ ಗಾರೆಯಿಂದ ಕೂಡಿಸಬೇಕು, ಅಡ್ಡಗಲ್ಲುಗಳನ್ನು ಮರೆಯಬಾರದು. ಹೊಸ ಕಲ್ಲು ಬೇಕಾದರೆ ಅದೇ ಜಾತಿಯದನ್ನು ತರಬೇಕು. ದೂರಕ್ಕೆ ಹೊಂದಿಕೊಂಡು, ಹತ್ತಿರ ನೋಡಿದರೆ ಹೊಸದೆಂದು ತಿಳಿಯುವಂತಿರಬೇಕು.

ಐದನೆಯದಾಗಿ, ಹಿಂದೆ ಹೇಗಿತ್ತೆಂಬದಕ್ಕೆ ಆಧಾರವಿಲ್ಲದಲ್ಲಿ ಕೆಲಸವನ್ನು ನಿಲ್ಲಿಸಬೇಕು. ಊಹೆಯಿಂದ ಕಟ್ಟಿದ ಗೋಪುರವು ಎಷ್ಟು ಚೆಂದವಾಗಿದ್ದರೂ ಅದು ರಾಷ್ಟ್ರಕೂಟರದಲ್ಲ, ನಮ್ಮದು.

ನಮ್ಮಿಂದ ಆಗತಕ್ಕದ್ದು

ಇದೆಲ್ಲ ಇಲಾಖೆಯವರ ಕೆಲಸ, ನಮಗೇನು ಎಂದು ಅನ್ನಬೇಡಿರಿ. ರಕ್ಷಿತ ಸ್ಮಾರಕಗಳನ್ನು ಕೆಡಿಸುವದು 1961ರ ಕರ್ನಾಟಕದ ಕಾನೂನಿನ ಪ್ರಕಾರ ಅಪರಾಧವಾಗಿದೆ. ಆದರೆ ಕಾನೂನು ದಿನಾಲು ಗೋಡೆಯ ಬಳಿಯಲ್ಲಿ ನಿಂತು ಕಾಯಲಾರದು. ಅಲ್ಲಿ ನಿಂತಿರುವವರು ಊರಿನವರೇ. ಕೋಟೆಯೊಳಗೆ ಒಕ್ಕಲಿರುವವರನ್ನು ತೊಡಕೆಂದು ಎಣಿಸುವದೂ ತಪ್ಪು. ಅವರ ಮನೆಗಳಿಗೆ ಒಳ್ಳೇ ಚರಂಡಿಯಾದರೆ ಗೋಡೆಯ ಬುಡವೂ ಒಣಗಿರುವದು. ಅವರ ಮಕ್ಕಳಿಗೆ ಈ ಸ್ಥಳದ ಮಹಿಮೆಯು ತಿಳಿದರೆ ಬೇರೆ ಕಾವಲುಗಾರನು ಬೇಕಾಗನು.

ನಮ್ಮ ತಾಯಂದಿರಿಗೆ ಮಣ್ಣಿನ ಮಾಳಿಗೆಯ ಮನೆಗಳ ಅನುಭವವುಂಟು. ಮಿರಗದ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಹತ್ತಿ, ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ ತುಳಿಸಿ, ನೀರು ಬೀಳುವ ದೋಣಿಗಳನ್ನು ಬಿಡಿಸುವದು ಮನೆತನದ ಮರ್ಯಾದೆಯಾಗಿತ್ತು. ಅದನ್ನು ತಪ್ಪಿಸಿದ ಮನೆಯು ಸೋರದೆ ಬಿಡುತ್ತಿರಲಿಲ್ಲ. ಕೋಟೆಯು ಕೇಳುವದೂ ಅಷ್ಟೇ ಸೇವೆಯನ್ನು: ವರುಷಕ್ಕೊಮ್ಮೆ ಸಸಿಗಳನ್ನು ಕೀಳುವದು, ಮೋರಿ ಬಿಡಿಸುವದು, ಹೊಸ ಬಿರುಕು ಕಂಡರೆ ಇಲಾಖೆಗೆ ಬರೆಯುವದು. ಇಲಾಖೆಯ ಅಪ್ಪಣೆಯಿಂದ ಶಾಲೆಯ ಮಕ್ಕಳೂ ಊರವರೂ ಕೂಡಿ ಮಾಡಬಹುದಾದ ಕೆಲಸವಿದು.

ಇನ್ನು ಮನೆಯಲ್ಲಿಯೇ ಮಾಡಬಹುದಾದ ಸಂಗತಿಗಳುಂಟು. ಹೊಲದಲ್ಲಿಯೋ ಬಾವಿಯ ಕಟ್ಟೆಯಲ್ಲಿಯೋ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಒಡೆಯದೆ, ಉಜ್ಜದೆ, ಸುಣ್ಣಬಣ್ಣ ಬಳಿಯದೆ ತಿಳಿದವರಿಗೆ ತೋರಿಸಿರಿ. ಪೂಜೆಯು ನಡೆಯುವ ಹಳೆಯ ಗುಡಿ, ಬಸದಿ, ಮಸೀದಿ, ದೇವಾಲಯಗಳ ಪಂಚರು ನಿಮ್ಮ ಬಂಧುಗಳಾಗಿದ್ದರೆ, ಹಳೆಯ ಕಂಬಗಳಿಗೆ ಎಣ್ಣೆಬಣ್ಣವನ್ನೂ ಗೋಡೆಗಳಿಗೆ ಸಿಮೆಂಟನ್ನೂ ಹಚ್ಚಿಸುವ ಮೊದಲು ಒಮ್ಮೆ ಕೇಳಿ ವಿಚಾರಿಸುವಂತೆ ಹೇಳಿರಿ. ಭಕ್ತಿಯಿಂದ ಬಳಿದ ಬಣ್ಣದ ಕೆಳಗೂ ಶಾಸನಗಳು ಮುಚ್ಚಿಹೋಗುವವು. ಸುಣ್ಣ ಅರೆಯುವದನ್ನು ಬಲ್ಲ ಮುದುಕ ಗೌಂಡಿಯು ನಿಮ್ಮ ಊರಲ್ಲಿದ್ದರೆ ಅವನನ್ನು ಗೌರವಿಸಿ, ಅವನ ಕೈಯ ಅಳತೆಗಳನ್ನು ಕೇಳಿ ಬರೆದಿಡಿರಿ. ಕೋಟೆಯ ಕಲ್ಲು ಬಿದ್ದರೆ ತಿರುಗಿ ಇಡಬಹುದು. ಆ ಕಸಬು ಅವನ ಸಂಗಡ ಹೋದರೆ ಇಡುವವರೇ ಇಲ್ಲದಾಗುವರು.

ಮಾನ್ಯಖೇಟದ ಅರಮನೆಯನ್ನು ನಾವು ಕಾಣಲಾರೆವು. ಅದನ್ನು ತಿರುಗಿ ಕಟ್ಟಲೂ ಆರೆವು. ನಮ್ಮ ಪಾಲಿಗೆ ಉಳಿದಿರುವದು ಸಣ್ಣ ಕೆಲಸ: ನಿಂತಿರುವ ಗೋಡೆಯು ನಮ್ಮ ಕಾಲದಲ್ಲಿ ಬೀಳದಂತೆಯೂ ನಮ್ಮ ಕೈಯಿಂದ ಕೆಡದಂತೆಯೂ ನೋಡಿಕೊಳ್ಳುವದು. ಹಿಂದಿನವರು ಖಂಡಸ್ಫುಟಿತಕ್ಕೆಂದು ಹೊಲವನ್ನು ಬಿಟ್ಟರು. ನಾವು ವರುಷಕ್ಕೆ ಒಂದೆರಡು ದಿನದ ಶ್ರಮವನ್ನಾದರೂ ಬಿಡಬಾರದೇ?